ಪಿಂಪ್ರಿಯ ಮಣ್ಣು, ಮೈಸೂರಿನ ಕಣ್ಣು



ಜೂನ್ ತಿಂಗಳ ಮೊದಲ ಮಳೆ ಪುಣೆಯ ಮೇಲೆ ಬಿದ್ದಾಗ ಏಳುವ ಮಣ್ಣಿನ ವಾಸನೆ ನಿಮಗೆಲ್ಲ ಗೊತ್ತು. ಧಾರವಾಡದವರಿಗೆ ಅದು ಧಾರವಾಡದ ವಾಸನೆ, ಶಿವಮೊಗ್ಗದವರಿಗೆ ಶಿವಮೊಗ್ಗದ್ದು. ಊರು ಬಿಟ್ಟು ಬಂದವರಿಗೆ ಕಿಟಕಿಯ ಬಳಿ ನಿಂತಲ್ಲೇ ಒಮ್ಮೆ ಊರಿಗೆ ಹೋಗಿ ಬಂದಂತಾಗುತ್ತದೆ. ಆದರೆ ಆ ವಾಸನೆಯಲ್ಲಿ ದೊಡ್ಡ ಪಾಲು ಬರಿಯ ಮಣ್ಣಿನದಲ್ಲ. ಮಣ್ಣಿನೊಳಗೆ ಬದುಕುವ, ಕಣ್ಣಿಗೆ ಕಾಣದ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಬಳಗದ್ದು. ಅವು ತಯಾರಿಸುವ ಆ ವಾಸನೆಯ ವಸ್ತುವಿಗೆ 1965ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ‘ಜಿಯೋಸ್ಮಿನ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಮಣ್ಣಿನ ವಾಸನೆ ಎಂದೇ ಅರ್ಥ!

ಅದೇ ಮಣ್ಣಿನಲ್ಲಿ ಇನ್ನೊಂದು ಬಳಗವೂ ಇದೆ. ಅದು ಶಿಲೀಂಧ್ರಗಳ ಬಳಗ. ನಾವು ಮನೆಯಲ್ಲಿ ಬೂಷ್ಟು ಎನ್ನುತ್ತೇವಲ್ಲ, ಅದೇ. ಈ ಎರಡೂ ಬಳಗಗಳು ಒಂದೇ ಹಿಡಿ ಮಣ್ಣಿನಲ್ಲಿ, ಒಂದೇ ಅನ್ನಕ್ಕಾಗಿ ಕೋಟ್ಯಂತರ ವರ್ಷಗಳಿಂದ ಜಗಳವಾಡುತ್ತ ಬಂದಿವೆ. ಆ ಜಗಳದಿಂದ ಮನುಷ್ಯನಿಗೆ ಸಿಕ್ಕ ಒಂದು ಔಷಧದ ಕತೆಯನ್ನು ಈ ಸಲ ಹೇಳಬೇಕಾಗಿದೆ. ಅದು ನಡೆದದ್ದು ದೂರದ ದೇಶದಲ್ಲಲ್ಲ, ನಮ್ಮ ಪಿಂಪ್ರಿಯಲ್ಲಿ. ಅದರ ಮುಂದಾಳು ಮೈಸೂರು ಸಂಸ್ಥಾನದಿಂದ ಬಂದ ಒಬ್ಬ ವಿಜ್ಞಾನಿ. ಇಷ್ಟಾದರೂ ಅವರ ಹೆಸರು ಪುಣೆಯ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಗೊತ್ತು?

ಉಸಿರಿನೊಡನೆ ಬರುವ ಅತಿಥಿ

ಮೊದಲು ಶಿಲೀಂಧ್ರದ ವಿಚಾರ. ಮಣ್ಣಿನಲ್ಲಿರುವ ಶಿಲೀಂಧ್ರಗಳಲ್ಲಿ ಹೆಚ್ಚಿನವು ನಮ್ಮ ಉಪಕಾರಿಗಳೇ. ಬಿದ್ದ ಎಲೆ, ಸತ್ತ ಬೇರು, ಒಣಗಿದ ಹುಲ್ಲು, ಸಗಣಿ, ಎಲ್ಲವನ್ನೂ ಕೊಳೆಸಿ ಮತ್ತೆ ಗೊಬ್ಬರವಾಗಿಸುವ ಕೆಲಸ ಅವುಗಳದ್ದು. ಅವು ಇಲ್ಲದಿದ್ದರೆ ಭೂಮಿ ಕಸದ ರಾಶಿಯಾಗುತ್ತಿತ್ತು. ನೂಲಿನಂತಹ ಎಳೆಗಳನ್ನು ಮಣ್ಣಿನೊಳಗೆ ಚಾಚುತ್ತ ಅವು ಬೆಳೆಯುತ್ತವೆ. ಸಂತಾನ ಹರಡಬೇಕಾದಾಗ ಬೀಜಕಣಗಳನ್ನು ಗಾಳಿಗೆ ತೂರುತ್ತವೆ.

ತೊಂದರೆ ಇರುವುದು ಈ ಬೀಜಕಣಗಳ ಗಾತ್ರದಲ್ಲಿ. ಕಾಂಪೋಸ್ಟ್ ಗುಂಡಿಯಲ್ಲಿ ಹುಲುಸಾಗಿ ಬೆಳೆಯುವ ಆಸ್ಪರ್‌ಜಿಲಸ್ ಫ್ಯೂಮಿಗೇಟಸ್ ಎಂಬ ಶಿಲೀಂಧ್ರವನ್ನೇ ನೋಡಿ. ಅದರ ಒಂದು ಬೀಜಕಣ 2ರಿಂದ 3 ಮೈಕ್ರಾನ್. ಒಂದು ಮಿಲಿಮೀಟರ್ ಉದ್ದದ ಗೆರೆಯ ಮೇಲೆ ಸಾಲಾಗಿ ಜೋಡಿಸಿದರೆ ಮುನ್ನೂರರಿಂದ ಐನೂರು ಹಿಡಿಸುತ್ತವೆ. ಮೂಗಿನ ಕೂದಲು, ಗಂಟಲಿನ ಲೋಳೆ ಎಲ್ಲವನ್ನೂ ದಾಟಿ ಶ್ವಾಸಕೋಶದ ತುತ್ತತುದಿಯ ಗಾಳಿಚೀಲಗಳನ್ನು ಮುಟ್ಟಲು ಇದು ಸರಿಯಾದ ಅಳತೆ. ನಾವೆಲ್ಲರೂ ದಿನವೂ ಇಂಥ ಬೀಜಕಣಗಳನ್ನು ಉಸಿರಾಡುತ್ತಲೇ ಇರುತ್ತೇವೆ. ಆರೋಗ್ಯವಂತರ ಶ್ವಾಸಕೋಶದಲ್ಲಿ ಕಾವಲಿಗಿರುವ ಬಿಳಿ ರಕ್ತಕಣಗಳು ಅವನ್ನು ಅಲ್ಲಲ್ಲೇ ನುಂಗಿ ಮುಗಿಸುತ್ತವೆ. ನಮಗೆ ಸುದ್ದಿಯೇ ತಿಳಿಯುವುದಿಲ್ಲ.

ಕಾವಲು ಸಡಿಲವಾದಾಗ ಕತೆ ಬೇರೆ. ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ, ಬಹಳ ಕಾಲ ನುಂಗಿದ ಸ್ಟೆರಾಯ್ಡ್ ಮಾತ್ರೆ, ಕ್ಯಾನ್ಸರ್ ಚಿಕಿತ್ಸೆ, ಇವು ಕಾವಲುಗಾರರನ್ನು ನಿಶ್ಶಕ್ತಗೊಳಿಸುತ್ತವೆ. ಹಿಂದೆ ಕ್ಷಯ ಬಂದು ವಾಸಿಯಾದವರ ಶ್ವಾಸಕೋಶದಲ್ಲಿ ಉಳಿದ ಗುಳಿಗಳಂತೂ ಬೂಷ್ಟಿಗೆ ಸಿದ್ಧವಾದ ಮನೆ. ಅಲ್ಲಿ ಅದು ಉಂಡೆಯಂತೆ ಬೆಳೆದು ಕೂತರೆ ಕೆಮ್ಮಿನಲ್ಲಿ ರಕ್ತ ಬರುತ್ತದೆ. ಕ್ಷಯ ಮರುಕಳಿಸಿತೆಂದು ತಿಳಿದು ಮತ್ತೆ ಕ್ಷಯದ ಔಷಧವನ್ನೇ ಕೊಟ್ಟರೆ ಅದು ಜಗ್ಗುವುದಿಲ್ಲ.

ಇನ್ನು ಕೆಲವು ಶಿಲೀಂಧ್ರಗಳಿಗೆ ಎರಡು ವೇಷ. ಹಿಸ್ಟೊಪ್ಲಾಸ್ಮಾ ಮತ್ತು ಬ್ಲಾಸ್ಟೊಮೈಸಿಸ್ ಎಂಬವು ಹೊರಗೆ ತಂಪು ಮಣ್ಣಿನಲ್ಲಿ ನೂಲಿನಂತೆ ಬೆಳೆಯುತ್ತವೆ. ನಮ್ಮ ಮೈಯ 37 ಡಿಗ್ರಿ ಶಾಖ ತಾಗಿದೊಡನೆ ವೇಷ ಬದಲಿಸಿ, ದುಂಡನೆಯ ಯೀಸ್ಟ್ ಕಣಗಳಾಗುತ್ತವೆ. ಬಾವಲಿ ಮತ್ತು ಹಕ್ಕಿಗಳ ಹಿಕ್ಕೆ ಬಿದ್ದ ಮಣ್ಣು ಹಿಸ್ಟೊಪ್ಲಾಸ್ಮಾದ ನೆಚ್ಚಿನ ತಾಣ. ಪಾರಿವಾಳದ ಹಿಕ್ಕೆಯಲ್ಲಿ ಕ್ರಿಪ್ಟೊಕಾಕಸ್ ಇರುತ್ತದೆ. ಅದು ಉಸಿರಿನ ಮೂಲಕ ಒಳಹೊಕ್ಕು, ನಿತ್ರಾಣಗೊಂಡವರ ಮಿದುಳಿನವರೆಗೂ ಹೋಗಬಲ್ಲದು.

ಒಂದು ಮಾತು ನೆನಪಿಡಬೇಕು. ಈ ಶಿಲೀಂಧ್ರಗಳಿಗೆ ನಮ್ಮ ಮೇಲೆ ಹಗೆಯಿಲ್ಲ. ಅವುಗಳಿಗೆ ಬದುಕಲು ಮನುಷ್ಯನೇ ಬೇಕೆಂದೇನೂ ಇಲ್ಲ. ಅವುಗಳ ಮನೆ ಮಣ್ಣು. ದಾರಿ ತಪ್ಪಿ ನಮ್ಮೊಳಗೆ ಬಂದು, ಕೊಳೆಸುವ ತಮ್ಮ ಹಳೆಯ ಕಸುಬನ್ನು ಅಲ್ಲೂ ಮುಂದುವರಿಸುತ್ತವೆ, ಅಷ್ಟೆ.

ಪೆನ್ಸಿಲಿನ್ ಸೋತ ಜಾಗ

ಎರಡನೆಯ ಮಹಾಯುದ್ಧದ ಹೊತ್ತಿಗೆ ಪೆನ್ಸಿಲಿನ್ ಬಂದಾಗ ಜಗತ್ತಿಗೆ ಅಮೃತವೇ ಸಿಕ್ಕಂತಾಯಿತು. ಸ್ವತಂತ್ರ ಭಾರತಕ್ಕೂ ತನ್ನದೇ ಪೆನ್ಸಿಲಿನ್ ಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಕೇಂದ್ರ ಸರ್ಕಾರ 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯನ್ನು ಸ್ಥಾಪಿಸಿತು. ಸರ್ಕಾರಿ ವಲಯದ ಮೊದಲ ಔಷಧ ಕಾರ್ಖಾನೆ ಅದು. ಪುಣೆಯವರ ಬಾಯಲ್ಲಿ ಇವತ್ತಿಗೂ ‘ಎಚ್.ಎ. ಕಂಪನಿ’. ಪೆನ್ಸಿಲಿನ್ ತಯಾರಾಗುವುದೂ ಒಂದು ಬೂಷ್ಟಿನಿಂದಲೇ ಎಂಬುದನ್ನು ಇಲ್ಲಿ ನೆನೆಯಬೇಕು. ದೊಡ್ಡ ದೊಡ್ಡ ಉಕ್ಕಿನ ಹಂಡೆಗಳಲ್ಲಿ ಪೆನ್ಸಿಲಿಯಂ ಶಿಲೀಂಧ್ರವನ್ನು ಬೆಳೆಸಿ ಅದರ ರಸ ತೆಗೆಯುವುದೇ ಅಲ್ಲಿನ ಉದ್ಯೋಗವಾಗಿತ್ತು.

ಆದರೆ ಪೆನ್ಸಿಲಿನ್ ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು ಮಾತ್ರ. ಶಿಲೀಂಧ್ರದ ಮುಂದೆ ಅದರ ಆಟ ನಡೆಯದು. ಅಷ್ಟೇ ಅಲ್ಲ, ಆಂಟಿಬಯಾಟಿಕ್‌ಗಳು ದೇಹದಲ್ಲಿದ್ದ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನೂ ಗುಡಿಸಿ ಹಾಕಿದಾಗ ಖಾಲಿಯಾದ ಜಾಗಕ್ಕೆ ಶಿಲೀಂಧ್ರ ನುಗ್ಗುತ್ತದೆ. ಹೊಸ ಔಷಧಗಳೊಡನೆ ಹೊಸ ಕಾಟ ಹುಟ್ಟಿಕೊಂಡದ್ದು ಹೀಗೆ.

ಶಿಲೀಂಧ್ರವನ್ನು ಕೊಲ್ಲುವುದು ಏಕೆ ಕಷ್ಟ? ಏಕೆಂದರೆ ಅದು ನಮಗೆ ಹತ್ತಿರದ ನೆಂಟ. ಜೀವವಿಕಾಸದ ವಂಶವೃಕ್ಷದಲ್ಲಿ ಶಿಲೀಂಧ್ರಗಳು ಗಿಡಮರಗಳಿಗಿಂತ, ಬ್ಯಾಕ್ಟೀರಿಯಾಗಳಿಗಿಂತ ಪ್ರಾಣಿಗಳಿಗೇ ಸಮೀಪ. ಅವುಗಳ ಜೀವಕೋಶದ ಬಹುಪಾಲು ವ್ಯವಸ್ಥೆ ನಮ್ಮದರಂತೆಯೇ. ಅದಕ್ಕೆ ತಾಗುವ ವಿಷ ನಮಗೂ ತಾಗುತ್ತದೆ. ಇರುವ ಒಂದು ಮುಖ್ಯ ವ್ಯತ್ಯಾಸವೆಂದರೆ ಜೀವಕೋಶದ ಪೊರೆಯಲ್ಲಿ ನಮಗೆ ಕೊಲೆಸ್ಟೆರಾಲ್ ಇದ್ದರೆ ಅವಕ್ಕೆ ಎರ್ಗೊಸ್ಟೆರಾಲ್ ಇದೆ. ಈ ಎರ್ಗೊಸ್ಟೆರಾಲಿಗೆ ಅಂಟಿಕೊಂಡು ಪೊರೆಯನ್ನು ಹಾಳುಗೆಡವಿ, ಒಳಗಿನ ಸಾರ ಸೋರಿಹೋಗುವಂತೆ ಮಾಡುವ ಅಸ್ತ್ರವನ್ನು ಸ್ಟ್ರೆಪ್ಟೊಮೈಸಿಸ್‌ಗಳು ಮಣ್ಣಿನೊಳಗೆ ಯಾವತ್ತೋ ತಯಾರಿಸಿಕೊಂಡಿದ್ದವು.

1950ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ವರ್ಜೀನಿಯಾದ ಒಂದು ಹೊಲದ ಮಣ್ಣಿನಿಂದ ನಿಸ್ಟಾಟಿನ್ ಎಂಬ ಔಷಧ ತೆಗೆದರು. ಅದರ ಹಿಂದೆಯೇ ವೆನೆಜುವೆಲಾದ ಒರಿನೊಕೊ ನದಿಯ ದಡದ ಮಣ್ಣಿನಿಂದ ಆಂಫೊಟೆರಿಸಿನ್ ಬಿ ಬಂತು. ಹಾಗಾದರೆ ಭಾರತದ ಮಣ್ಣಿನಲ್ಲಿ ಏನಿರಬಹುದು?

ಕಾಡಿಗೆ ರೋಗದಿಂದ ಶ್ವಾಸಕೋಶಕ್ಕೆ

ಈ ಪ್ರಶ್ನೆಯನ್ನು ಪಿಂಪ್ರಿಯಲ್ಲಿ ಕೈಗೆತ್ತಿಕೊಂಡವರು ಡಾ. ಎಂ.ಜೆ. ತಿರುಮಲಾಚಾರ್. ಮಂಡಯಂ ಜೀರ್ಸನ್ನಿಧಿ ತಿರುಮಲಾಚಾರ್ ಎಂಬುದು ಪೂರ್ಣ ಹೆಸರು. 1914ರಲ್ಲಿ ಹುಟ್ಟಿದವರು. ಅವರು ವೈದ್ಯರಲ್ಲ, ಸಸ್ಯವಿಜ್ಞಾನಿ! ಬೆಳೆಗಳಿಗೆ ಬರುವ ತುಕ್ಕು ರೋಗ, ಕಾಡಿಗೆ ರೋಗಗಳ ಶಿಲೀಂಧ್ರಗಳನ್ನು ಗುರುತಿಸುವುದು ಅವರ ವಿದ್ಯೆ. 1940ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿದ್ದುಕೊಂಡು ಆ ಕೆಲಸ ಮಾಡಿದರು.

ಈ ವಿದ್ಯೆಗೆ ಮೈಸೂರು ಸೀಮೆಯಲ್ಲಿ ಗಟ್ಟಿ ಬೇರಿತ್ತು. 1908ರಲ್ಲಿ ಮೈಸೂರು ಸರ್ಕಾರ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಕರೆಸಿಕೊಂಡಿತು. ಮಲೆನಾಡಿನ ಅಡಿಕೆ ತೋಟಗಳನ್ನು ನುಂಗುತ್ತಿದ್ದ ಕೊಳೆರೋಗದ ಮೂಲವನ್ನು ಅವರು ಪತ್ತೆಹಚ್ಚಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ರೈತರಿಗೆ ಕಲಿಸಿಕೊಟ್ಟರು. ಮಲೆನಾಡಿನಲ್ಲಿ ಇಂದಿಗೂ ಮಳೆಗಾಲಕ್ಕೆ ಮುನ್ನ ಕೊನೆಗಾರರು ಮರವೇರಿ ಔಷಧ ಹೊಡೆಯುತ್ತಾರಲ್ಲ, ಅದರ ಮೂಲ ಅಲ್ಲಿದೆ. ಕೋಲ್ಮನ್ ಹಾಕಿದ ದಾರಿಯಲ್ಲಿ ಮುಂದೆ ನಡೆದವರು ಮೈಸೂರು ಕೃಷಿ ಇಲಾಖೆಯ ಎಂ.ಜೆ. ನರಸಿಂಹನ್. ಅವರೊಡನೆ ತಿರುಮಲಾಚಾರ್ ಹಲವು ಸಂಶೋಧನಾ ಲೇಖನಗಳನ್ನು ಬರೆದರು. ಭಾರತೀಯ ಸಸ್ಯರೋಗ ಶಾಸ್ತ್ರ ಸಂಘವನ್ನು 1947ರಲ್ಲಿ ಕಟ್ಟಿದ ಬಿ.ಬಿ. ಮುಂಡ್ಕೂರ್ ಅವರೊಡನೆ ಸೇರಿ ತಿರುಮಲಾಚಾರ್ ರಚಿಸಿದ, ಭಾರತದ ಕಾಡಿಗೆ ರೋಗದ ಶಿಲೀಂಧ್ರಗಳ ಗ್ರಂಥ 1952ರಲ್ಲಿ ಇಂಗ್ಲೆಂಡಿನ ಕ್ಯೂನಿಂದ ಪ್ರಕಟವಾಯಿತು.

ಜೋಳದ ತೆನೆಯ ಕಾಡಿಗೆ ನೋಡುತ್ತಿದ್ದವರಿಗೆ ಔಷಧ ಕಾರ್ಖಾನೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಉತ್ತರ ಸರಳ. ಮಣ್ಣಿನಿಂದ ಔಷಧ ಹುಡುಕುವುದೆಂದರೆ ಮೊದಲು ಕಣ್ಣಿನ ಕೆಲಸ. ಒಂದು ಚಿಟಿಕೆ ಮಣ್ಣನ್ನು ನೀರಿನಲ್ಲಿ ಕಲಸಿ, ಅದನ್ನು ಮತ್ತೆ ಮತ್ತೆ ತೆಳುಮಾಡಿ, ಗಾಜಿನ ತಟ್ಟೆಯಲ್ಲಿ ಹಾಕಿಟ್ಟ ಅಗರ್ ಎಂಬ ಜೆಲ್ಲಿಯ ಮೇಲೆ ಹರಡುತ್ತಾರೆ. ಕೆಲವು ದಿನಗಳಲ್ಲಿ ಬಣ್ಣಬಣ್ಣದ ಚುಕ್ಕೆಗಳು ಏಳುತ್ತವೆ. ಒಂದೊಂದು ಚುಕ್ಕೆಯೂ ಒಂದೊಂದು ಜೀವಿಯ ಸಂಸಾರ. ಅವನ್ನು ಬೇರೆ ಬೇರೆ ತೆಗೆದು, ರೋಗ ತರುವ ಶಿಲೀಂಧ್ರದ ಪಕ್ಕದಲ್ಲಿ ಬೆಳೆಸುತ್ತಾರೆ. ಯಾವ ಚುಕ್ಕೆಯ ಸುತ್ತ ಶಿಲೀಂಧ್ರ ಬೆಳೆಯದೆ ಖಾಲಿ ಬಳೆಯಂತಹ ಜಾಗ ಉಳಿಯುತ್ತದೋ, ಅಲ್ಲಿ ಏನೋ ಇದೆ ಎಂದರ್ಥ. ಸಾವಿರಾರು ತಟ್ಟೆ ನೋಡಿದರೆ ಒಂದರಲ್ಲಿ ಸಿಕ್ಕೀತು. ಸಿಕ್ಕಿದ್ದು ಹೊಸದೋ ಹಳೆಯದೋ ಎಂದು ಹೇಳಲು ಶಿಲೀಂಧ್ರಲೋಕದ ಮುಖಪರಿಚಯವಿದ್ದವರೇ ಬೇಕು.

ಹೀಗೆ ಪಿಂಪ್ರಿಯ ಮಣ್ಣಿನಲ್ಲಿ ಒಂದು ಹೊಸ ಸ್ಟ್ರೆಪ್ಟೊಮೈಸಿಸ್ ಸಿಕ್ಕಿತು. ಊರಿನ ಹೆಸರನ್ನೇ ಅದಕ್ಕಿಟ್ಟರು, ‘ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ’. ಅದು ತಯಾರಿಸುವ ಔಷಧಕ್ಕೆ ಕಾರ್ಖಾನೆಯ ಹೆಸರಿನ ಮೊದಲಕ್ಷರಗಳಾದ ಎಚ್ ಮತ್ತು ಎ ಸೇರಿಸಿ ‘ಹ್ಯಾಮೈಸಿನ್’ ಎಂದರು. 1961ರಲ್ಲಿ ತಿರುಮಲಾಚಾರ್ ಮತ್ತು ಸಂಗಡಿಗರು ಕಾರ್ಖಾನೆಯದೇ ಪತ್ರಿಕೆಯಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಬುಲೆಟಿನ್‌ನಲ್ಲಿ ಅದರ ವಿವರ ಪ್ರಕಟಿಸಿದರು. ನಾವು ದಿನವೂ ಬಸ್ಸಿನಲ್ಲೋ ಲೋಕಲ್ ರೈಲಿನಲ್ಲೋ ದಾಟಿ ಹೋಗುವ ಪಿಂಪ್ರಿಯ ಹೆಸರು ವಿಜ್ಞಾನದ ಪುಸ್ತಕ ಸೇರಿದ್ದು ಹೀಗೆ. ಅಂದ ಹಾಗೆ, ಮೊದಲ ಮಳೆಯ ವಾಸನೆ ಕೊಡುವ ಬಳಗವೂ ಇದೇ ಸ್ಟ್ರೆಪ್ಟೊಮೈಸಿಸ್ ತಾನೆ!

1964ರಲ್ಲಿ ಅದೇ ತಂಡ ಆರಿಯೊಫಂಜಿನ್ ಎಂಬ ಇನ್ನೊಂದು ಔಷಧವನ್ನು ಹೊರತಂದಿತು. ಇದು ಮನುಷ್ಯರಿಗಿಂತ ಹೆಚ್ಚಾಗಿ ಬೆಳೆಗಳ ಶಿಲೀಂಧ್ರ ರೋಗಗಳಿಗೆ ಬಳಕೆಯಾಯಿತು. ಹೊಲದಿಂದ ಹೊರಟ ವಿದ್ಯೆ ಆಸ್ಪತ್ರೆಯ ಬಾಗಿಲು ಮುಟ್ಟಿ ಮತ್ತೆ ಹೊಲಕ್ಕೆ ಮರಳಿತು.

ಗೆದ್ದದ್ದೆಷ್ಟು, ಉಳಿದದ್ದೆಷ್ಟು

ಹ್ಯಾಮೈಸಿನ್ ಸಮುದ್ರ ದಾಟಿತು. ಅಮೆರಿಕದ ದೊಡ್ಡ ಸರೋವರಗಳು ಮತ್ತು ಮಿಸಿಸಿಪಿ, ಓಹಾಯೊ ನದಿಗಳ ಸುತ್ತಿನ ತೇವದ ಮಣ್ಣಿನಲ್ಲಿ ಬ್ಲಾಸ್ಟೊಮೈಸಿಸ್ ಇದೆ. ಅದು ಶ್ವಾಸಕೋಶದಲ್ಲಿ ನೆಲೆಯೂರಿ ಚರ್ಮ, ಮೂಳೆಗಳಿಗೂ ಹಬ್ಬುತ್ತದೆ. ಆಗ ಅದಕ್ಕಿದ್ದ ಮುಖ್ಯ ಮದ್ದು ಆಂಫೊಟೆರಿಸಿನ್ ಬಿ. ರಕ್ತನಾಳದ ಮೂಲಕ ವಾರಗಟ್ಟಲೆ ಏರಿಸಬೇಕು. ಚಳಿಜ್ವರ, ವಾಂತಿ, ಕೊನೆಗೆ ಮೂತ್ರಪಿಂಡಕ್ಕೂ ಪೆಟ್ಟು. ಬಾಯಿಂದ ನುಂಗುವ ಔಷಧವೊಂದು ಸಿಕ್ಕರೆ ರೋಗಿಗೆ ಎಷ್ಟು ನಿರಾಳ! ಆ ಆಸೆಯಿಂದಲೇ 1960ರ ದಶಕದಲ್ಲಿ ಡಾ. ಜಾನ್ ಅಟ್ಜ್ ಮತ್ತು ಅವರ ಸಂಗಡಿಗರು ಅಲ್ಲಿನ ರೋಗಿಗಳಿಗೆ ಹ್ಯಾಮೈಸಿನ್ ಕೊಟ್ಟು ನೋಡಿದರು.

ಫಲ ಪೂರ್ತಿ ಕೈಗೆ ಬರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹ್ಯಾಮೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕರುಳಿನಿಂದ ರಕ್ತಕ್ಕೆ ಸೇರುವುದೂ ಕಷ್ಟ. ಅದನ್ನು ಅತಿ ನುಣ್ಣಗೆ ಪುಡಿಮಾಡಿ ಕೊಡುವ ಪ್ರಯತ್ನವೂ ನಡೆಯಿತು. ಗಾಜಿನ ತಟ್ಟೆಯಲ್ಲಿ ಶೂರನಾದದ್ದು ಶ್ವಾಸಕೋಶದ ಆಳವನ್ನು ನೆಚ್ಚುವಷ್ಟು ಮುಟ್ಟಲಿಲ್ಲ. ಬಾಯಿಹುಣ್ಣು, ಕಿವಿಯ ಬೂಷ್ಟು, ಚರ್ಮದ ಸೋಂಕು ಇಂಥ ಹೊರಗಿನ ಕಾಯಿಲೆಗಳಿಗೆ ಹಚ್ಚುವ ಮದ್ದಾಗಿ ಅದು ಉಳಿಯಿತು. 1980ರ ದಶಕದಿಂದ ಅಜೋಲ್ ಎಂಬ ಗುಂಪಿನ ಮಾತ್ರೆಗಳು ಬಂದವು. ತಿರುಮಲಾಚಾರ್ ತಮ್ಮ ಕೊನೆಯ ವರ್ಷಗಳನ್ನು ಅಮೆರಿಕದಲ್ಲಿ ಕಳೆದು 1999ರಲ್ಲಿ ತೀರಿಕೊಂಡರು. ಎಚ್.ಎ. ಕಂಪನಿಯೂ 1990ರ ದಶಕದಲ್ಲಿ ನಷ್ಟಕ್ಕೆ ಜಾರಿತು. ಸಾಲ, ಸಂಬಳದ ಬಾಕಿ ತೀರಿಸಲು ಅದರ ಹೆಚ್ಚುವರಿ ಜಮೀನು ಮಾರಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

2021ರ ಬೇಸಿಗೆ

ಇದೆಲ್ಲ ಹಳೆಯ ಕತೆ, ಈಗೇಕೆ ಎನ್ನುವಿರಾ? 2021ರ ಬೇಸಿಗೆಯನ್ನು ನೆನೆಸಿಕೊಳ್ಳಿ. ಕೊರೊನಾದ ಎರಡನೆಯ ಅಲೆಯಿಂದ ಬದುಕಿ ಬಂದವರ ಮುಖ ಊದಿಕೊಂಡಿತು, ಕಣ್ಣು ಮಂಜಾಯಿತು. ಜನ ಅದನ್ನು ‘ಕಪ್ಪು ಶಿಲೀಂಧ್ರ’ ಎಂದರು. ನಿಜಕ್ಕೆ ಆ ಶಿಲೀಂಧ್ರ ಕಪ್ಪಲ್ಲ. ಅದು ರಕ್ತನಾಳಗಳನ್ನು ಕಟ್ಟಿಸಿ ಸಾಯಿಸಿದ ಮಾಂಸದ ಬಣ್ಣ ಕಪ್ಪು. ರೋಗದ ಹೆಸರು ಮ್ಯೂಕರ್‌ಮೈಕೋಸಿಸ್. ಅದನ್ನು ತರುವ ರೈಜೋಪಸ್ ಮತ್ತದರ ಬಂಧುಗಳು ಮಣ್ಣಿನಲ್ಲಿ, ಗೊಬ್ಬರದಲ್ಲಿ, ಹಳಸಿದ ಬ್ರೆಡ್ಡಿನ ಮೇಲೆ ಎಂದಿನಿಂದಲೂ ಇದ್ದವು. ಸಕ್ಕರೆ ಕಾಯಿಲೆ ಮತ್ತು ಸ್ಟೆರಾಯ್ಡ್ ಎರಡೂ ಸೇರಿ ಬಾಗಿಲು ತೆರೆದವು. ಹೆಚ್ಚಿನವರಲ್ಲಿ ಅದು ಮೂಗು, ಕಣ್ಣು, ಮಿದುಳಿನ ದಾರಿ ಹಿಡಿಯಿತು. ಕೆಲವರಲ್ಲಿ ಶ್ವಾಸಕೋಶಕ್ಕಿಳಿಯಿತು. 2021ರ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40,845 ಪ್ರಕರಣಗಳು ದಾಖಲಾಗಿದ್ದವು.

ಆ ದಿನಗಳಲ್ಲಿ ಪುಣೆಯಲ್ಲೂ ಬೆಂಗಳೂರಿನಲ್ಲೂ ಮನೆಮಂದಿ ಔಷಧದ ಅಂಗಡಿಯಿಂದ ಅಂಗಡಿಗೆ ಅಲೆದದ್ದು ಯಾವುದಕ್ಕೆ? ಅದೇ ಆಂಫೊಟೆರಿಸಿನ್ ಬಿ ಇಂಜೆಕ್ಷನ್ನಿಗೆ. 1950ರ ದಶಕದ ಔಷಧ! ಕೊಬ್ಬಿನ ಕಣಗಳಲ್ಲಿ ಸುತ್ತಿ ಅದರ ಉಪದ್ರವ ಕಡಿಮೆ ಮಾಡಿದ್ದಾರೆ, ಅಷ್ಟೆ. ಆರು ದಶಕ ಕಳೆದರೂ ಶಿಲೀಂಧ್ರದ ವಿರುದ್ಧ ನಮ್ಮ ಬತ್ತಳಿಕೆಯಲ್ಲಿರುವ ಬಾಣಗಳ ಜಾತಿ ಬೆರಳೆಣಿಕೆಯಷ್ಟು. ಹ್ಯಾಮೈಸಿನ್ ಇದ್ದಿದ್ದರೆ ಆ ರೋಗಿಗಳು ಉಳಿಯುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಆದರೆ ಹ್ಯಾಮೈಸಿನ್ ಹುಡುಕಿದಂಥ ತಾಳ್ಮೆಯ ಕೆಲಸ ಎಡೆಬಿಡದೆ ನಡೆದಿದ್ದರೆ ಅಷ್ಟು ಬರಿಗೈಯಲ್ಲಿ ನಿಲ್ಲಬೇಕಾಗುತ್ತಿತ್ತೇ?

ವಿಶ್ವ ಆರೋಗ್ಯ ಸಂಸ್ಥೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯನ್ನು ಮೊದಲ ಬಾರಿಗೆ ಮಾಡಿದ್ದೇ 2022ರಲ್ಲಿ. 19 ಹೆಸರುಗಳ ಆ ಪಟ್ಟಿಯ ಅತ್ಯಂತ ಮೇಲಿನ ಗುಂಪಿನಲ್ಲಿ ಆಸ್ಪರ್‌ಜಿಲಸ್ ಫ್ಯೂಮಿಗೇಟಸ್, ಕ್ರಿಪ್ಟೊಕಾಕಸ್ ಎರಡೂ ಇವೆ. ಇನ್ನೊಂದು ಚಿಂತೆಯೂ ಇದೆ. ದ್ರಾಕ್ಷಿಯ ಬೂದಿ ರೋಗಕ್ಕೆ ರೈತರು ಸಿಂಪಡಿಸುವ ಕೆಲವು ಶಿಲೀಂಧ್ರನಾಶಕಗಳು ಆಸ್ಪತ್ರೆಯ ಅಜೋಲ್ ಮಾತ್ರೆಗಳ ಒಡಹುಟ್ಟುಗಳು. ಇಂಥ ಔಷಧ ಬಿದ್ದ ಮಣ್ಣಿನಲ್ಲಿ ಆಸ್ಪರ್‌ಜಿಲಸ್ ಅದಕ್ಕೆ ಒಗ್ಗಿಕೊಂಡರೆ ನಮ್ಮ ಮಾತ್ರೆಗೂ ಬಗ್ಗುವುದಿಲ್ಲ. ಭಾರತದ ಹೊಲಗಳ ಮಣ್ಣಿನಲ್ಲಿ ಇಂಥ ಮೊಂಡು ಆಸ್ಪರ್‌ಜಿಲಸ್ ಸಿಕ್ಕಿರುವುದನ್ನು ದೆಹಲಿಯ ಸಂಶೋಧಕರು 2012ರಲ್ಲಿ ವರದಿ ಮಾಡಿದ್ದಾರೆ. ಹೊಲದ ರೋಗ ಬೇರೆ, ಎದೆಯ ರೋಗ ಬೇರೆ ಎಂದು ಗೋಡೆ ಕಟ್ಟಿಕೊಂಡರೆ ಇದು ಅರ್ಥವಾಗುವುದಿಲ್ಲ. ತಿರುಮಲಾಚಾರ್ ಅಂಥವರಿಗೆ ಆ ಗೋಡೆ ಇರಲಿಲ್ಲ.

ಪುಣೆಯಲ್ಲಿ ಆ ದೀಪ ಪೂರ್ತಿ ಆರಿಲ್ಲ ಎಂಬುದು ಸಮಾಧಾನ. ಗೋಪಾಳ ಗಣೇಶ ಆಗರ್ಕರ್ ರಸ್ತೆಯಲ್ಲಿರುವ ಆಘರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ದೇಶದ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹವಿದೆ. ಮಣ್ಣಿನಿಂದ, ಎಲೆಯಿಂದ ತೆಗೆದ ಶಿಲೀಂಧ್ರಗಳನ್ನು ಅಲ್ಲಿ ಜೀವಂತವಾಗಿ ಕಾಪಾಡುತ್ತಾರೆ. ನಮ್ಮ ಮನೆಯ ಮಕ್ಕಳಲ್ಲಿ ಯಾರಿಗಾದರೂ ಸೂಕ್ಷ್ಮದರ್ಶಕದ ಹುಚ್ಚಿದ್ದರೆ ಈ ದಾರಿಯೂ ಒಂದಿದೆ ಎಂದು ಹೇಳಬಾರದೇಕೆ?

ಕೊನೆಗೆ ಮನೆಯ ಮಟ್ಟಿಗೆ ನಾಲ್ಕು ಮಾತು. ಮಣ್ಣಿಗೆ ಹೆದರಬೇಕಿಲ್ಲ, ತುಳಸಿ ಕುಂಡದ ಮಣ್ಣು ಕೆದಕಿದವರಿಗೆಲ್ಲ ರೋಗ ಬರುವುದಿಲ್ಲ. ಆದರೆ ಸಕ್ಕರೆ ಕಾಯಿಲೆ ಇದ್ದವರು, ಸ್ಟೆರಾಯ್ಡ್ ತೆಗೆದುಕೊಳ್ಳುವವರು ಕಾಂಪೋಸ್ಟ್ ಮಗುಚುವಾಗ, ಹಳೆಯ ಮನೆ ಕೆಡವುವಲ್ಲಿ, ಧೂಳಿನ ಜಾಗದಲ್ಲಿ ಮಾಸ್ಕ್ ಕಟ್ಟಿಕೊಳ್ಳಲಿ. ಬಾಲ್ಕನಿಯಲ್ಲಿ ಒಣಗಿದ ಪಾರಿವಾಳದ ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ, ನೀರು ಚಿಮುಕಿಸಿ ತೆಗೆಯಿರಿ. ವೈದ್ಯರು ಬರೆಯದ ಸ್ಟೆರಾಯ್ಡ್ ಮುಟ್ಟಬೇಡಿ. ವಾರಗಟ್ಟಲೆ ಬಿಡದ ಕೆಮ್ಮಿದ್ದು ಕ್ಷಯದ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ, “ಡಾಕ್ಟರೇ, ಇದು ಶಿಲೀಂಧ್ರ ಇರಬಹುದೇ?” ಎಂದು ಒಮ್ಮೆ ಕೇಳಿ. ಆ ಒಂದು ಪ್ರಶ್ನೆಯಿಂದ ಎಷ್ಟೋ ತಿಂಗಳು ಉಳಿದೀತು.

ಮುಂದಿನ ಮೊದಲ ಮಳೆಗೆ ಮಣ್ಣಿನ ವಾಸನೆ ಬಂದಾಗ ಊರನ್ನು ನೆನೆಯಿರಿ. ಜೊತೆಗೆ ಪಿಂಪ್ರಿಯ ಒಂದು ಚಿಟಿಕೆ ಮಣ್ಣಿನ ಮುಂದೆ ಕಣ್ಣು ಕಿರಿದು ಮಾಡಿ ಕೂತಿದ್ದ ನಮ್ಮ ಮೈಸೂರಿನ ಆ ವಿಜ್ಞಾನಿಯನ್ನೂ ನೆನೆಯಿರಿ.